ಸ್ಫೂರ್ತಿ ಸಾಕು, ಲಿಫ್ಟಿನ ಕೀ ಕೊಡಿ

ನಮ್ಮ ಬಗ್ಗೆ ಕ್ಯಾಂಪಸ್ಸಿನಲ್ಲಿ ಎರಡೇ ಅಭಿಪ್ರಾಯ ಚಾಲ್ತಿಯಲ್ಲಿವೆ. ಒಂದು, "ಅಯ್ಯೋ ಪಾಪ". ಇನ್ನೊಂದು, "ಸೂಪರ್ ಗುರು, ನೀನು ನಮಗೆಲ್ಲ ಇನ್‌ಸ್ಪಿರೇಷನ್". ಮೊದಲನೇದನ್ನ ಹೆಚ್ಚಾಗಿ ದೊಡ್ಡವರು ಹೇಳ್ತಾರೆ, ಎರಡನೇದನ್ನ ನಮ್ಮ ವಯಸ್ಸಿನವರು. ಎರಡೂ ಒಳ್ಳೆ ಮನಸ್ಸಿನಿಂದಲೇ ಬರುತ್ತವೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಇವೆರಡರ ನಡುವೆ ಒಂದು ದೊಡ್ಡ ಜಾಗ ಇದೆ. ಹಾಸ್ಟೆಲ್ ಉಪ್ಪಿಟ್ಟಿಗೆ ಬೈಯೋದು, ಮ್ಯಾಥ್ಸಲ್ಲಿ ಬ್ಯಾಕ್ ಉಳಿಯೋದು, ಫ್ರೆಂಡ್ ಹತ್ರ ಜಗಳ ಆಡಿ ಎರಡು ದಿನ ಮಾತು ಬಿಡೋದು, ಫೆಸ್ಟಲ್ಲಿ ರಾತ್ರಿ ಹನ್ನೊಂದರವರೆಗೆ ಕೂತು ಹಾಡು ಕೇಳೋದು. ಮನುಷ್ಯರು ಬದುಕೋದು ಆ ಜಾಗದಲ್ಲಿ. ಅಲ್ಲಿಗೆ ನಮ್ಮನ್ನ ಕರೆಯೋರು ಕಡಿಮೆ.

ಈ ಲೇಖನದಲ್ಲಿ 'ನಾವು' ಅಂದ್ರೆ ಸೆರೆಬ್ರಲ್ ಪಾಲ್ಸಿ ಇಟ್ಟುಕೊಂಡು ಬೆಳೆದವರು. ಟೈಪ್ ಮಾಡ್ತಿರೋ ಕೈ ಸೆಕೆಂಡ್ ಇಯರಿನ ಒಬ್ಬರದ್ದೇ. ಆದರೆ ಇಲ್ಲಿರೋ ಮಾತು ಥೆರಪಿ ಸೆಂಟರಿನ ಬೆಂಚಿನಿಂದ ಹಿಡಿದು ವಾಟ್ಸಾಪ್ ಗ್ರೂಪಿನವರೆಗೆ ಜೊತೆಗಿದ್ದ ಹಲವರದ್ದು. ನಮ್ಮ ವಾದ ಇಷ್ಟೇ: ನಮ್ಮ ಬದುಕು ಪೂರ್ತಿ ಆಗೋದು ನಮ್ಮ ಧೈರ್ಯದಿಂದ ಮಾತ್ರ ಅಲ್ಲ. ಕಟ್ಟಡ, ಪರೀಕ್ಷೆ, ಬಸ್ಸು, ಸಾಫ್ಟ್‌ವೇರ್ ಹೇಗೆ ಕಟ್ಟಿದ್ದಾರೆ ಅನ್ನೋದರಿಂದ. ಅದನ್ನ ಕಟ್ಟೋದು ಎಂಜಿನಿಯರುಗಳು, ಅಂದ್ರೆ ನಾಳೆ ನಾವು-ನೀವೇ.

ಮೊದಲು, ಇದು ಪೋಲಿಯೋ ಅಲ್ಲ

ಬಸ್ ಸ್ಟಾಪಿನಲ್ಲಿ ನಮಗೆ ಅತಿ ಹೆಚ್ಚು ಬರೋ ಪ್ರಶ್ನೆ, "ಪೋಲಿಯೋನಾ ಪುಟ್ಟಾ?" ಸ್ವಲ್ಪ ಲೆಕ್ಕ ಹಾಕಿ. ಭಾರತದಲ್ಲಿ ಕಾಡು ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಬಂದಿದ್ದು 2011ರಲ್ಲಿ. 2014ರ ಮಾರ್ಚಿನಲ್ಲಿ ನಮ್ಮ ದೇಶಕ್ಕೆ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಈಗ ಹತ್ತೊಂಬತ್ತು ವರ್ಷದ ಹುಡುಗನೋ ಹುಡುಗಿಯೋ ಕಾಲೆಳೆದು ನಡೀತಿದ್ರೆ ಅದು ಪೋಲಿಯೋ ಆಗಿರೋ ಸಾಧ್ಯತೆ ತುಂಬಾ ಕಡಿಮೆ.

ಪೋಲಿಯೋ ವೈರಸ್ ಬೆನ್ನುಹುರಿಯ ನರಕೋಶಗಳನ್ನ ಹಾಳುಮಾಡುತ್ತೆ, ಸ್ನಾಯು ಸಡಿಲವಾಗಿ ಸೊರಗುತ್ತೆ. ನಮ್ಮದರಲ್ಲಿ ಪೆಟ್ಟು ಬಿದ್ದಿರೋದು ಇನ್ನೂ ಬೆಳೀತಿದ್ದ ಮೆದುಳಿಗೆ. ಅದು ಹುಟ್ಟೋಕ್ಕೆ ಮುಂಚೆ ಆಗಿರಬಹುದು, ಹುಟ್ಟುವಾಗ ಆಗಿರಬಹುದು, ಹುಟ್ಟಿದ ಸ್ವಲ್ಪ ಕಾಲದ ಮೇಲೂ ಆಗಿರಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೋಟಾರ್ ಸರಿ ಇದೆ, ಕಂಟ್ರೋಲರಿನಿಂದ ಹೋಗೋ ಸಿಗ್ನಲ್ಲಿನಲ್ಲಿ ತೊಂದರೆ. ಹಾಗಾಗಿ ಹೆಚ್ಚಿನವರಲ್ಲಿ ಸ್ನಾಯು ಬಿಗಿಯಾಗಿರುತ್ತೆ. ಇದಕ್ಕೆ ಸ್ಪಾಸ್ಟಿಕ್ ಅಂತಾರೆ. ಕೆಲವರಲ್ಲಿ ಬೇಡ ಅಂದ್ರೂ ಕೈಕಾಲು, ಮುಖ ಅಲ್ಲಾಡ್ತಾ ಇರುತ್ತೆ. ಇನ್ನು ಕೆಲವರಿಗೆ ಬ್ಯಾಲೆನ್ಸ್ ಸಿಗೋದು ಕಷ್ಟ. ಒಬ್ಬರಿಗೆ ಒಂದು ಕೈ ಮಾತ್ರ, ಇನ್ನೊಬ್ಬರಿಗೆ ಎರಡೂ ಕಾಲು, ಮತ್ತೊಬ್ಬರಿಗೆ ಮಾತೂ ಸೇರಿ ಇಡೀ ದೇಹ. 1000 ಮಕ್ಕಳಲ್ಲಿ ಸುಮಾರು 2ರಿಂದ 3 ಮಕ್ಕಳಿಗೆ ಇದು ಇರುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಮೆದುಳಿಗೆ ಆಗಿರೋ ಪೆಟ್ಟು ವರ್ಷ ಕಳೆದಂತೆ ದೊಡ್ಡದಾಗಲ್ಲ, ಪೂರ್ತಿ ವಾಸಿಯೂ ಆಗಲ್ಲ.

ಎಂಜಿನಿಯರಿಂಗ್ ಕಾಲೇಜಲ್ಲಿ ಇನ್ನೊಂದು ಗೊಂದಲ ಉಂಟು, "ಸ್ಟೀಫನ್ ಹಾಕಿಂಗ್‌ಗೆ ಇದ್ದದ್ದೂ ಇದೇ ಅಲ್ವಾ?" ಅಲ್ಲ. ಅವರಿಗೆ ಇದ್ದದ್ದು ಮೋಟಾರ್ ನ್ಯೂರಾನ್ ಕಾಯಿಲೆ. ಅದು ದೊಡ್ಡವರಾದ ಮೇಲೆ ಬಂದು ದಿನೇ ದಿನೇ ಹೆಚ್ಚಾಗುವಂಥದ್ದು. ನಮಗೆ ನಮ್ಮ ದೇಹ ಮೊದಲಿಂದಲೂ ಹೀಗೇ. ಕಳಕೊಂಡದ್ದಕ್ಕೆ ಅಳ್ತಾ ಕೂತಿದ್ದೀವಿ ಅಂತ ಅಂದ್ಕೋಬೇಡಿ, ಬೇರೆ ದೇಹ ನಾವು ನೋಡೇ ಇಲ್ಲ.

ಅಮ್ಮನ ತಪ್ಪಲ್ಲ

ಬೆಳೆಯೋದು ಅಂದ್ರೆ ನಮಗೆ ಎರಡು ಶಾಲೆ. ಒಂದು ಎಲ್ಲರೂ ಹೋಗೋದು, ಇನ್ನೊಂದು ಫಿಸಿಯೋಥೆರಪಿ. ಬಿಗಿಯಾದ ಸ್ನಾಯುವನ್ನ ದಿನಾ ಎಳೀಬೇಕು, ಇಲ್ಲದಿದ್ರೆ ಮೂಳೆ ಉದ್ದ ಬೆಳೆದಷ್ಟು ವೇಗಕ್ಕೆ ಅದು ಬೆಳೆಯಲ್ಲ. ಹಿಮ್ಮಡಿ ನೆಲಕ್ಕೆ ತಾಗಲಿ ಅಂತ ಕಾಲಿಗೆ ಸ್ಪ್ಲಿಂಟ್, ಕೆಲವರಿಗೆ ಬೊಟಾಕ್ಸ್ ಇಂಜೆಕ್ಷನ್, ಕೆಲವರಿಗೆ ಆಪರೇಷನ್. ಓಣಿಯ ಮಕ್ಕಳು ಕ್ರಿಕೆಟ್ ಆಡೋ ಹೊತ್ತಿಗೆ ನಾವು ಚಾಪೆ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿರ್ತಿದ್ವಿ. ಪಕ್ಕದಲ್ಲಿ ಅಮ್ಮ ಎಣಿಸ್ತಾ ಇರ್ತಿದ್ರು. ನಮ್ಮಲ್ಲಿ ಎಷ್ಟೋ ಜನರ ಅಮ್ಮಂದಿರು ಕೆಲಸ ಬಿಟ್ಟಿದ್ದೇ ಇದಕ್ಕೆ.

ಅಷ್ಟೆಲ್ಲ ಮಾಡಿದ ಅಮ್ಮನಿಗೆ ಮದುವೆಮನೆಯಲ್ಲಿ ಸಿಗೋ ಮಾತು ಏನು ಗೊತ್ತಾ? "ಗ್ರಹಣದಲ್ಲಿ ಹೊರಗೆ ಹೋಗಿದ್ಯೇನೇ?" "ಬಸುರೀಲಿ ಏನು ತಿಂದ್ಯೋ?" "ಆ ದೇವರಿಗೆ ಹರಕೆ ತೀರಿಸಿಲ್ಲ ನೀವು." ವಿಜ್ಞಾನ ಏನು ಹೇಳುತ್ತೆ ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನ ಮೊದಲು ವಿವರವಾಗಿ ಬರೆದವರಲ್ಲಿ ಇಂಗ್ಲೆಂಡಿನ ಸರ್ಜನ್ ವಿಲಿಯಂ ಜಾನ್ ಲಿಟಲ್ ಮುಖ್ಯರು. ಕಷ್ಟದ ಹೆರಿಗೆಯೇ ಕಾರಣ ಅಂತ ಅವರು ಅಂದುಕೊಂಡಿದ್ರು. 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಹೌದು, ಸೈಕಾಲಜಿಯ ಅದೇ ಫ್ರಾಯ್ಡ್, ಬೇರೆ ಮಾತು ಹೇಳಿದರು: ತೊಂದರೆ ಗರ್ಭದಲ್ಲೇ ಶುರುವಾಗಿರಬಹುದು, ಹೆರಿಗೆ ಕಷ್ಟ ಆದದ್ದು ಅದರ ಫಲವೇ ಇರಬಹುದು ಅಂತ. ಹೆರಿಗೆ ಹೊತ್ತಲ್ಲಿ ಆಮ್ಲಜನಕ ಕಡಿಮೆಯಾಗಿ ಬರೋ ಪ್ರಕರಣಗಳು ಒಂದು ಭಾಗ ಮಾತ್ರ ಅಂತ ಇವತ್ತು ಗೊತ್ತಿದೆ. ಅವಧಿಗೆ ಮುಂಚೆ ಹುಟ್ಟೋದು, ಗರ್ಭದಲ್ಲಿ ತಗಲೋ ಸೋಂಕು, ಹುಟ್ಟಿದ ಮಗುವಿನ ಕಾಮಾಲೆ ಮಿತಿಮೀರೋದು, ಮೆದುಳು ಜ್ವರ, ಹೀಗೆ ಕಾರಣ ಹಲವು. ಎಷ್ಟೋ ಸಲ ಖಚಿತ ಕಾರಣ ಸಿಗೋದೇ ಇಲ್ಲ. ಗ್ರಹಣ ಅನ್ನೋ ಕಾರಣವಂತೂ ಯಾವ ಪಟ್ಟಿಯಲ್ಲೂ ಇಲ್ಲ. ಮುಂದಿನ ಸಲ ನಿಮ್ಮ ಮನೆಯ ಯಾವುದೋ ಫಂಕ್ಷನ್ನಿನಲ್ಲಿ ಇಂಥ ಮಾತು ಬಂದ್ರೆ ದಯವಿಟ್ಟು ಅಲ್ಲೇ ತಡೀರಿ.

ಮಾತು ತೊದಲಿದರೆ ಬುದ್ಧಿ ತೊದಲಲ್ಲ

ಸೆರೆಬ್ರಲ್ ಪಾಲ್ಸಿ ಇರೋರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬುದ್ಧಿಮಾಂದ್ಯ ಇರುತ್ತೆ, ಉಳಿದರ್ಧಕ್ಕೆ ಇರಲ್ಲ. ಇದ್ದವರೂ ಕಲೀತಾರೆ, ಅವರಿಗೂ ಗೌರವದ ಬದುಕು ಬೇಕು. ಆದರೆ ನಮ್ಮ ಸಮಾಜ ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತೆ, ಅದು ನಾಲಿಗೆ. ಬಾಯಿಯ ಸ್ನಾಯುವೂ ಸ್ನಾಯುವೇ, ಅದೂ ಬಿಗಿಯಾಗುತ್ತೆ. ನಾವು ನಿಧಾನಕ್ಕೆ ಮಾತಾಡಿದ ತಕ್ಷಣ ಹೋಟೆಲ್ ಮಾಣಿ ಪಕ್ಕದಲ್ಲಿರೋ ಫ್ರೆಂಡನ್ನ ಕೇಳ್ತಾನೆ, "ಇವ್ರಿಗೆ ಏನು ಬೇಕಂತೆ ಸಾರ್?" ಇವರಿಗೆ ಮಸಾಲೆ ದೋಸೆ ಬೇಕು, ಇವರನ್ನೇ ಕೇಳಿ.

ಮಾಲಿನಿ ಚಿಬ್ ಅಂತ ಒಬ್ಬರು ಇದ್ದಾರೆ. ಸೆರೆಬ್ರಲ್ ಪಾಲ್ಸಿ ಇರೋ ಅವರಿಗೆ ಓದೋಕೆ ಸರಿಯಾದ ಜಾಗ ಇಲ್ಲ ಅಂತ ಅವರ ತಾಯಿ ಮಿಥು ಅಲೂರ್ 1972ರಲ್ಲಿ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಶುರು ಮಾಡಿದರು. ಆ ಅಲೆ ಬೇರೆ ಊರಿಗೂ ಹಬ್ಬಿತು. ನಮ್ಮ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಕೆಲಸ ಮಾಡ್ತಾ ಇದೆ. ಮಾಲಿನಿ ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಡಿಗ್ರಿ ಮಾಡಿ, ಲಂಡನ್ನಿನಲ್ಲಿ ಎರಡು ಮಾಸ್ಟರ್ಸ್ ಮುಗಿಸಿದರು. ತಮ್ಮ ಆತ್ಮಕಥೆಯನ್ನ ಒಂದೇ ಬೆರಳಿನಿಂದ ಟೈಪ್ ಮಾಡಿದರು. ಅದರ ಹೆಸರೇ 'ಒನ್ ಲಿಟಲ್ ಫಿಂಗರ್'. 2014ರ 'ಮಾರ್ಗರಿಟಾ ವಿತ್ ಎ ಸ್ಟ್ರಾ' ಸಿನಿಮಾಗೆ ಪ್ರೇರಣೆಯೂ ಅವರೇ. ಆ ಸಿನಿಮಾದ ಹುಡುಗಿ ಕಾಲೇಜಿಗೆ ಹೋಗ್ತಾಳೆ, ಪ್ರೀತಿಸ್ತಾಳೆ, ಸುಳ್ಳು ಹೇಳ್ತಾಳೆ, ಅಮ್ಮನ ಮನಸ್ಸು ನೋಯಿಸ್ತಾಳೆ. ನಮಗೆ ಆ ಸಿನಿಮಾ ಇಷ್ಟ ಆಗೋದು ಅದಕ್ಕೇ. ಅವಳು ದೇವತೆಯೂ ಅಲ್ಲ, ಪಾಪದ ಪ್ರಾಣಿಯೂ ಅಲ್ಲ.

ಇಲ್ಲಿ ಎಂಜಿನಿಯರುಗಳ ಕೆಲಸದ ಒಂದು ಒಳ್ಳೆ ಉದಾಹರಣೆಯೂ ಇದೆ. ಐಐಟಿ ಮದ್ರಾಸಿನಲ್ಲಿ ಓದಿದ ಅಜಿತ್ ನಾರಾಯಣನ್, ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯ ಮಕ್ಕಳ ಜೊತೆ ಕೆಲಸ ಮಾಡಿ 'ಆವಾಜ್' ಅನ್ನೋ ಸಾಧನ ರೂಪಿಸಿದರು. ಮಾತು ಬಾರದ ಮಗು ಚಿತ್ರ ಆರಿಸುತ್ತೆ, ಯಂತ್ರ ಅದನ್ನ ದನಿಯಾಗಿ ಹೇಳುತ್ತೆ. ಕನ್ನಡ ಸಂಘದವರಿಗೆ ಇದರಲ್ಲಿ ಒಂದು ಸವಾಲು ಇದೆ. ಇಂಗ್ಲಿಷಿನಲ್ಲಿ ಮೂರು ಚಿತ್ರ ಪಕ್ಕಪಕ್ಕ ಇಟ್ರೆ ಹೆಚ್ಚುಕಡಿಮೆ ವಾಕ್ಯ ಆಗಿಬಿಡುತ್ತೆ. ಕನ್ನಡದಲ್ಲಿ 'ಮನೆ' ಅನ್ನೋ ಒಂದು ಚಿತ್ರ 'ಮನೆಗೆ', 'ಮನೆಯಿಂದ', 'ಮನೇಲಿ' ಎಲ್ಲ ಆಗಬೇಕು. 'ಹೋಗು' ಅನ್ನೋದು 'ಹೋಗ್ತೀನಿ', 'ಹೋಗಲ್ಲ', 'ಹೋಗ್ಲಾ?' ಆಗಬೇಕು. ನಮ್ಮಲ್ಲಿ ಕೆಲವರಿಗೆ ಚಿಕ್ಕವಯಸ್ಸಲ್ಲಿ "ಒಂದೇ ಭಾಷೆ ಸಾಕು, ಇಂಗ್ಲಿಷ್ ಇಟ್ಕೊಳ್ಳಿ" ಅಂತ ಸಲಹೆ ಸಿಕ್ಕಿತ್ತು. ಸ್ಕೂಲೂ ಇಂಗ್ಲಿಷ್ ಮೀಡಿಯಂ. ಆಗ ಅಜ್ಜಿ ಹತ್ರ ಏನು ಮಾತಾಡೋದು? ಮಾತು ಕಷ್ಟ ಇರೋ ಮಗುವಿಗೆ ಮನೆಮಾತನ್ನೂ ಕಿತ್ಕೊಂಡ್ರೆ ಅದು ಮನೆಯೊಳಗೇ ಒಂಟಿಯಾಗುತ್ತೆ. ಮೇಜರ್ ಪ್ರಾಜೆಕ್ಟಿಗೆ ಇನ್ನೊಂದು ಅಟೆಂಡೆನ್ಸ್ ಸಿಸ್ಟಮ್ ಮಾಡೋ ಬದಲು ಒಳ್ಳೆ ಕನ್ನಡ ಮಾತಾಡೋ ಒಂದು ಚಿತ್ರಫಲಕ ಮಾಡಿ ನೋಡಿ.

"ಎಕ್ಸ್‌ಟ್ರಾ ಟೈಮ್ ಸಿಗುತ್ತಲ್ಲ, ಲಕ್ಕಿ ಮಗಾ"

ಇಂಟರ್ನಲ್ಸ್ ಮುಗಿದ ಮೇಲೆ ಕಾರಿಡಾರಿನಲ್ಲಿ ಕೇಳಿಬರೋ ಮಾತು ಇದು. ಇದಕ್ಕೆ ಉತ್ತರ ಕೊಡಲೇಬೇಕು. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಬರೆಯೋಕೆ ಕಷ್ಟ ಇರೋರಿಗೆ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಾಗದ ಹಾಗೆ ಹೆಚ್ಚುವರಿ ಸಮಯ ಕೊಡಬೇಕು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಬೇಕಾದವರಿಗೆ ಸ್ಕ್ರೈಬ್, ಅಂದ್ರೆ ನಾವು ಹೇಳಿದ್ದನ್ನ ಬರೆಯೋರು. ಈಗ ಒಂದು ಪ್ರಯೋಗ ಮಾಡಿ. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ನಿಮ್ಮ ಕಸಿನ್ನನ್ನ ಕೂರಿಸಿಕೊಂಡು ಬಾಯಿಮಾತಲ್ಲೇ ಒಂದು ಆಂಪ್ಲಿಫಯರ್ ಸರ್ಕ್ಯೂಟ್ ಬರೆಸಿ. "ಆ ಗೆರೆ ಅಲ್ಲ, ಅದರ ಕೆಳಗಡೇದು. ಇಲ್ಲ ಇಲ್ಲ, ಅಳಿಸು." ಆಮೇಲೆ ಸ್ಟೆಪ್ ಬೈ ಸ್ಟೆಪ್ ಒಂದು ಇಂಟಿಗ್ರೇಷನ್ ಹೇಳಿ ಬರೆಸಿ. ಆ ಒಂದು ಗಂಟೆ ಎಲ್ಲಿ ಹೋಯ್ತು ಅಂತ ನಿಮಗೇ ಗೊತ್ತಾಗುತ್ತೆ.

ತಾವೇ ಬರೆಯೋರ ಕಥೆ ಬೇರೆ. ನಡೆಯೋದು, ಕೂರೋದು, ಪೆನ್ ಹಿಡಿಯೋದು ಎಲ್ಲದಕ್ಕೂ ನಮ್ಮ ದೇಹ ನಿಮ್ಮದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಖರ್ಚು ಮಾಡುತ್ತೆ, ಯಾಕಂದ್ರೆ ಎದುರುಬದುರಾದ ಸ್ನಾಯುಗಳು ಒಂದನ್ನೊಂದು ಎಳೀತಾ ಇರುತ್ತವೆ. ಹೆಚ್ಚುವರಿ ಸಮಯ ನಮಗೆ ಸಿಕ್ಕ ಬೋನಸ್ ಅಲ್ಲ. ಪೇಪರ್ ಅಳೀಬೇಕಾದ್ದು ಸಬ್ಜೆಕ್ಟು ಎಷ್ಟು ಗೊತ್ತು ಅನ್ನೋದನ್ನ, ಬೆರಳಿನ ವೇಗವನ್ನಲ್ಲ. ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶೇ. 40ರಷ್ಟು ಅಂಗವೈಕಲ್ಯ ಅನ್ನೋ ಗೆರೆ ದಾಟದವರಿಗೂ ಬರೆಯೋಕೆ ನಿಜವಾಗಿ ತೊಂದರೆ ಇದ್ರೆ ಸ್ಕ್ರೈಬ್ ಕೊಡಬೇಕು ಅಂತು. ಹೀಗೆ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡೋದು ಯಾರೋ ತೋರಿಸೋ ದಯೆ ಅಲ್ಲ, ಹಕ್ಕು.

ಈ 'ಹಕ್ಕು' ಅನ್ನೋ ಪದ ಸುಮ್ಮನೆ ಸಿಕ್ಕಿದ್ದಲ್ಲ. 2012ರಲ್ಲಿ ಕೋಲ್ಕತ್ತಾದ ಜೀಜಾ ಘೋಷ್ ಅನ್ನೋ ಹೋರಾಟಗಾರ್ತಿ ಗೋವಾದಲ್ಲಿ ಒಂದು ಸಮ್ಮೇಳನಕ್ಕೆ ಹೊರಟಿದ್ರು. ಅವರಿಗೂ ಸೆರೆಬ್ರಲ್ ಪಾಲ್ಸಿ. ವಿಮಾನದಲ್ಲಿ ಸೀಟಲ್ಲಿ ಕೂತಾಗಿತ್ತು. ಅವರ ಸ್ಥಿತಿ ನೋಡಿ ಸಿಬ್ಬಂದಿ ಕೆಳಗಿಳಿಸಿದರು. ಅವರು ಸುಮ್ಮನಾಗಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅದೇ ವರ್ಷದ ಕೊನೆಯಲ್ಲಿ ಸಂಸತ್ತು ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನ ಪಾಸ್ ಮಾಡಿತು. 1995ರ ಹಳೆ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, ಹೊಸದರಲ್ಲಿ 21. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕಡಿಮೆ ಅಂದ್ರೂ ಶೇ. 5 ಸೀಟು ಮೀಸಲಿಡಬೇಕು ಅನ್ನೋದೂ ಅದರಲ್ಲೇ ಇದೆ.

ಮೂರು ಮೆಟ್ಟಿಲಿನ ಲೆಕ್ಕ

ಈಗ ನಿಮ್ಮ ಸಬ್ಜೆಕ್ಟಿಗೆ ಬರೋಣ. ಸಿವಿಲ್‌ನವರು ಗಮನಿಸಿ. ಒಂದು ಮೆಟ್ಟಿಲು 15 ಸೆಂ.ಮೀ. ಅಂತಿಟ್ಟುಕೊಳ್ಳಿ. ಕಟ್ಟಡದ ಬಾಗಿಲಿಗೆ ಮೂರು ಮೆಟ್ಟಿಲು ಇದ್ರೆ ಎತ್ತರ 45 ಸೆಂ.ಮೀ. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದ್ರೆ 540 ಸೆಂ.ಮೀ., ಐದೂವರೆ ಮೀಟರಿನ ಹತ್ತಿರ ಉದ್ದ ಬೇಕು. ನಮ್ಮೂರ ಕಟ್ಟಡಗಳಲ್ಲಿ ಇದಕ್ಕೆ ಇರೋದು ಎಷ್ಟು? ಹೆಚ್ಚಿನ ಕಡೆ ಒಂದೂವರೆ ಮೀಟರಿನ ಸಿಮೆಂಟ್ ಜಾರುಬಂಡೆ, ಪಕ್ಕದಲ್ಲಿ ಕೈಹಿಡಿ ಇಲ್ಲ, ತುದಿಯಲ್ಲಿ ಎರಡು ಬೈಕು. ವೀಲ್‌ಚೇರ್ ಹತ್ತಬೇಕಾದ್ರೆ ಹಿಂದೆ ಇಬ್ಬರು ತಳ್ಳಬೇಕು, ಇಳಿಯುವಾಗ ದೇವರೇ ಗತಿ. ಇನ್ಸ್‌ಪೆಕ್ಷನ್ ದಿನ ಮಾತ್ರ ಫೋಟೋದಲ್ಲಿ ಅದು 'ರ‍್ಯಾಂಪ್ ಸೌಲಭ್ಯ'.

ಲಿಫ್ಟಿನದ್ದು ಇನ್ನೊಂದು ಕಥೆ. ಲಿಫ್ಟ್ ಇರುತ್ತೆ, ಬೀಗವೂ ಇರುತ್ತೆ. ಕೀ ಅಟೆಂಡರ್ ಹತ್ರ, ಅಟೆಂಡರ್ ಊಟಕ್ಕೆ. ಮೂರನೇ ಮಹಡಿಯ ಲ್ಯಾಬ್ ಶುರುವಾಗಿ ಹದಿನೈದು ನಿಮಿಷದ ಮೇಲೆ ನಾವು ತಲುಪಿದ್ರೆ ಅಟೆಂಡೆನ್ಸ್ ಇಲ್ಲ. ಹತ್ತಿಕೊಂಡೇ ಹೋದ್ರೆ ಲ್ಯಾಬಲ್ಲಿ ಕೈ ನಡುಗಿ ವೈರ್ ಕನೆಕ್ಟ್ ಆಗಲ್ಲ. ಆಗ ಯಾರಾದ್ರೂ ಬಂದು ಬೆನ್ನು ತಟ್ಟಿ "ನಿನ್ನ ವಿಲ್‌ಪವರ್ ಗ್ರೇಟ್" ಅಂತಾರೆ. ಆ ವಿಲ್‌ಪವರನ್ನ ಮೆಟ್ಟಿಲಿಗೆ ಖರ್ಚು ಮಾಡೋ ಬದಲು ಎಕ್ಸ್‌ಪೆರಿಮೆಂಟಿಗೆ ಉಳಿಸಿಕೊಳ್ತಿದ್ವಿ. ಸ್ಫೂರ್ತಿಯ ಮಾತಿನ ಮೇಲೆ ನಮಗಿರೋ ತಕರಾರು ಇದು. ಕಷ್ಟವನ್ನ ಹೊಗಳಿಬಿಟ್ರೆ ಕಷ್ಟ ಕೊಡ್ತಿರೋ ಬೀಗದ ಬಗ್ಗೆ ಯಾರೂ ಕೇಳಲ್ಲ.

"ಇರೋದು ಇಬ್ಬರೋ ಮೂವರೋ, ಅಷ್ಟಕ್ಕೆ ಇಷ್ಟೆಲ್ಲ ಖರ್ಚಾ?" ಅಂತ ಕೇಳೋರು ಇದ್ದಾರೆ. ಪ್ರಶ್ನೆ ನ್ಯಾಯವಾದ್ದೇ. ಉತ್ತರ ಎರಡು. ಫುಟ್‌ಬಾಲ್ ಆಡಿ ಕಾಲು ಮುರ್ಕೊಂಡ ನಿಮ್ಮ ಕ್ಯಾಪ್ಟನ್, ತುಂಬು ಬಸುರಿ ಲೆಕ್ಚರರ್, ಗ್ರಾಜುಯೇಷನ್ ಡೇಗೆ ಬರೋ ಮಂಡಿನೋವಿನ ಅಜ್ಜ, ಪ್ರಿಂಟರ್ ಸಾಗಿಸೋ ಹುಡುಗ, ಎಲ್ಲರಿಗೂ ಅದೇ ಲಿಫ್ಟ್, ಅದೇ ರ‍್ಯಾಂಪ್ ಬೇಕು. ಎರಡನೇದು, ನಾವು ಇಬ್ಬರೇ ಇರೋದು ಯಾಕೆ ಅಂತ ಯೋಚಿಸಿ. ಬರೋಕೆ ಆಗದವರು ಲೆಕ್ಕದಲ್ಲೇ ಇಲ್ಲ. ಸ್ಕೂಲಲ್ಲೇ "ಬೇರೆ ಮಕ್ಕಳಿಗೆ ಡಿಸ್ಟರ್ಬ್ ಆಗುತ್ತೆ" ಅಂತ ವಾಪಸ್ ಕಳಿಸಿದವರು, ಪಿಯುಸಿಯಲ್ಲಿ ಲ್ಯಾಬ್ ಇರುತ್ತೆ ಅಂತ ಸೈನ್ಸ್ ಬಿಟ್ಟವರು, ಹಾಸ್ಟೆಲ್ ಬಾತ್‌ರೂಮ್ ನೋಡಿ ಸೀಟು ಬಿಟ್ಟವರು. ಸೇತುವೆ ಇಲ್ಲದ ಹೊಳೆಯಲ್ಲಿ ದಾಟೋರನ್ನ ಎಣಿಸಿ, "ಇಲ್ಲಿ ಸೇತುವೆ ಬೇಡ, ದಾಟೋರೇ ಇಲ್ಲ" ಅಂದ ಹಾಗಾಯ್ತು.

ಪೂರ್ತಿ ಬದುಕು ಅಂದ್ರೆ

ಪದಕ ಗೆದ್ದೋರು ನಮ್ಮಲ್ಲೂ ಇದ್ದಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಉತ್ತರ ಪ್ರದೇಶದ ಪ್ರೀತಿ ಪಾಲ್ ಟಿ35 ವಿಭಾಗದ 100 ಮೀಟರ್ ಮತ್ತು 200 ಮೀಟರ್ ಎರಡರಲ್ಲೂ ಕಂಚು ಗೆದ್ದರು. ಬೋಚಾ ಅನ್ನೋ ಚೆಂಡಾಟ ರೂಪುಗೊಂಡಿದ್ದೇ ನಮ್ಮಂಥವರಿಗಾಗಿ, 1984ರಿಂದ ಅದು ಪ್ಯಾರಾಲಿಂಪಿಕ್ಸಿನಲ್ಲಿದೆ. ನಮಗೆ ಹೆಮ್ಮೆ ಇದೆ. ಆದರೆ ನೀವು ಉಸೇನ್ ಬೋಲ್ಟ್ ಆಗದೇ ಇದ್ರೂ ನಿಮ್ಮನ್ನ ಯಾರೂ "ಏನೂ ಸಾಧಿಸಿಲ್ಲ" ಅಂತ ಮೂಲೆಗೆ ಕೂರಿಸಲ್ಲ ಅಲ್ವಾ? ಸಾಧಾರಣವಾಗಿರೋ ಹಕ್ಕು ನಮಗೂ ಬೇಕು. ಏಳು ಪಾಯಿಂಟ್ ಸಿಜಿಪಿಎ ತಗೊಂಡು, ಒಂದು ಕೆಲಸ ಹಿಡಿದು, ಇಎಂಐ ಕಟ್ಟಿ, ಇಷ್ಟಪಟ್ಟವರ ಜೊತೆ ಸಂಸಾರ ಮಾಡಿ, ಸೋಮವಾರ ಬೆಳಿಗ್ಗೆ ಬೇಜಾರು ಪಡೋ ಹಕ್ಕು.

ಇಲ್ಲಿ ಒಂದು ಭಯವೂ ಇದೆ, ಮುಚ್ಚಿಡೋದು ಬೇಡ. ನಮ್ಮ ಚಿಕಿತ್ಸೆ ಹೆಚ್ಚಾಗಿ ಮಕ್ಕಳನ್ನ ಗಮನದಲ್ಲಿಟ್ಟು ಕಟ್ಟಿದ್ದು. ಗೋಡೆ ಮೇಲೆ ಜಿರಾಫೆ, ಆನೆ. ಹದಿನೆಂಟು ದಾಟಿದ ಮೇಲೆ ಎಲ್ಲಿಗೆ ಹೋಗೋದು ಅಂತ ಕೇಳಿದ್ರೆ ಸರಿಯಾದ ಉತ್ತರ ಸಿಗಲ್ಲ. ಮೆದುಳಿನ ಪೆಟ್ಟು ಬೆಳೆಯದಿದ್ರೂ ಕೀಲುಗಳು ಬೇರೆಯವರಿಗಿಂತ ಬೇಗ ಸವೆಯುತ್ತವೆ, ನೋವು, ಸುಸ್ತು ಹೆಚ್ಚಾಗುತ್ತೆ. ಮೆಕ್ಯಾನಿಕಲ್‌ನವರಿಗೆ ಫಟೀಗ್ ಲೋಡಿಂಗ್ ಅಂದ್ರೆ ಸಾಕು, ಅರ್ಥ ಆಗುತ್ತೆ. ಹಾಗಾಗಿ ಇವತ್ತು ಬೇಡದ ಮೆಟ್ಟಿಲು ಹತ್ತಿಸಿದ್ರೆ ಅದರ ಬಿಲ್ ನಮಗೆ ನಲವತ್ತನೇ ವಯಸ್ಸಿಗೆ ಬರುತ್ತೆ. ಅಮ್ಮ-ಅಪ್ಪನಿಗೂ ವಯಸ್ಸಾಗ್ತಾ ಇದೆ. "ನಾವಿಲ್ಲದ ಮೇಲೆ ಇವರ ಗತಿ ಏನು" ಅಂತ ರಾತ್ರಿ ಅವರು ಮೆಲ್ಲಗೆ ಮಾತಾಡೋದು ನಮಗೆ ಕೇಳಿಸುತ್ತೆ. ಗೋಡೆಗಳು ಅಷ್ಟು ದಪ್ಪ ಇರಲ್ಲ. ಆ ಪ್ರಶ್ನೆಗೆ ಉತ್ತರ ನಮ್ಮ ಕೆಲಸ, ನಮ್ಮ ಸಂಬಳ, ನಾವೇ ಹತ್ತಬಹುದಾದ ಬಸ್ಸು.

ಅದಕ್ಕೆ ನಮ್ಮ ಬೇಡಿಕೆ ಸಣ್ಣದು, ಈ ಸೆಮಿಸ್ಟರಿನಲ್ಲೇ ಆಗುವಂಥದ್ದು. ಲಿಫ್ಟಿನ ಒಂದು ಕೀ ಬೇಕಾದ ವಿದ್ಯಾರ್ಥಿಗಳ ಕೈಯಲ್ಲಿರಲಿ. ನಮಗೆ ಕ್ಲಾಸು, ಲ್ಯಾಬು ಸಾಧ್ಯವಾದಷ್ಟು ಗ್ರೌಂಡ್ ಫ್ಲೋರಿನಲ್ಲಿ ಹಾಕಲಿ. ರ‍್ಯಾಂಪ್ ಮುಂದಿನ ಬೈಕ್ ತೆಗೀರಿ. ಸ್ಕ್ರೈಬ್ ಆಗೋಕೆ ಇಷ್ಟ ಇರೋ ಜೂನಿಯರ್‌ಗಳ ಪಟ್ಟಿಯನ್ನ ಪರೀಕ್ಷೆಗೆ ಒಂದು ತಿಂಗಳು ಮುಂಚೆ ಮಾಡಿಡಿ, ಹಿಂದಿನ ದಿನ ಹುಡುಕೋದು ಬೇಡ. ರಾಜ್ಯೋತ್ಸವದ ಕಾರ್ಯಕ್ರಮವನ್ನ ಈ ಸಲ ಮೆಟ್ಟಿಲಿಲ್ಲದ ಜಾಗದಲ್ಲಿ ಮಾಡೋಣ ಅಂತ ಕನ್ನಡ ಸಂಘಕ್ಕೂ ಕೇಳ್ತಾ ಇದ್ದೀವಿ.

ಇನ್ನು ನಿಮ್ಮಿಂದ. ಸಹಾಯ ಮಾಡೋಕ್ಕೆ ಮುಂಚೆ "ಬೇಕಾ?" ಅಂತ ಕೇಳಿ, ಏಕಾಏಕಿ ಕೈ ಹಿಡಿದು ಎಳೆದ್ರೆ ನಮ್ಮ ಬ್ಯಾಲೆನ್ಸೇ ತಪ್ಪುತ್ತೆ. ನಮ್ಮ ಮಾತು ಅರ್ಥ ಆಗದಿದ್ರೆ ಅರ್ಥ ಆದ ಹಾಗೆ ತಲೆ ಆಡಿಸಬೇಡಿ, "ಇನ್ನೊಂದ್ಸಲ ಹೇಳು" ಅನ್ನಿ. ಎಷ್ಟು ಸಲ ಬೇಕಾದ್ರೂ ಹೇಳ್ತೀವಿ. ಟ್ರಿಪ್ ಪ್ಲ್ಯಾನ್ ಮಾಡುವಾಗ "ಅವರಿಗೆ ಕಷ್ಟ ಆಗುತ್ತೆ" ಅಂತ ನೀವೇ ತೀರ್ಮಾನ ಮಾಡಿ ನಮ್ಮನ್ನ ಬಿಟ್ಟು ಹೋಗಬೇಡಿ. ಕರೀರಿ. ಆಗಲ್ಲ ಅಂದ್ರೆ ನಾವೇ ಹೇಳ್ತೀವಿ. ಆಗುತ್ತೆ ಅಂದ್ರೆ ಕಿಟಕಿ ಸೀಟು ನಮ್ಮದು.